"ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ" ಅನ್ನುವ ಮುಂಚೆ



ಹೋದ ವಾರ ಹೃದಯ ವೈಫಲ್ಯದಲ್ಲಿ ಉಪ್ಪಿನ ಬಗ್ಗೆ ಬರೆದಿದ್ದೆ. ಅದನ್ನು ಓದಿ ಇಲ್ಲೇ ವೇಳಚೇರಿಯ ಒಬ್ಬ ತಂಗಿ ಕೇಳಿದ್ದಾರೆ: "ಅಪ್ಪನ ಹಾರ್ಟ್ ಪಂಪಿಂಗ್ 20 ಪರ್ಸೆಂಟ್ ಅಂತೆ. ಅವರಿಗೆ ಗೊತ್ತಾಗದ ಹಾಗೆ ಹೇಗೆ ನೋಡಿಕೊಳ್ಳೋದು?" ಇದಕ್ಕೆ ಉತ್ತರ ಹೇಳಬೇಕಾದರೆ ನನ್ನ ಸೋದರಮಾವನ ವಿಷಯ ಹೇಳಬೇಕು.

ಮಾವ ಕುಂದಾಪುರದ ಕಡೆಯವರು. 14ನೇ ವಯಸ್ಸಿಗೆ ಮದ್ರಾಸಿಗೆ ಬಂದು, ಮೈಲಾಪುರದ ಹೋಟೆಲೊಂದರಲ್ಲಿ ಟೇಬಲ್ ಒರೆಸಿ, ಕೊನೆಗೆ ಗಲ್ಲಾದಲ್ಲಿ ಕೂತವರು. ಯಾವ ಮೊಮ್ಮಗುವಿಗೆ ಬನ್ಸ್ ಇಷ್ಟ, ಯಾವುದಕ್ಕೆ ಗೋಳಿಬಜೆ ಇಷ್ಟ ಅನ್ನುವುದು ಅವರಿಗೆ ಬಾಯಿಪಾಠ. ನಾನು ಎಂ.ಡಿ. ಓದುವಾಗ ಪ್ರತಿ ಭಾನುವಾರ ಊಟ ಅವರ ಮನೆಯಲ್ಲೇ.

66ನೇ ವಯಸ್ಸಿನಲ್ಲಿ ಎರಡನೇ ಹಾರ್ಟ್ ಅಟ್ಯಾಕ್ ಆಯಿತು. ಎಕೋದಲ್ಲಿ ಪಂಪಿಂಗ್ 20. (ಆರೋಗ್ಯವಂತರಲ್ಲೂ ಇದು 100 ಇರುವುದಿಲ್ಲ, 55ರಿಂದ 70ರ ಒಳಗೆ ಇರುತ್ತದೆ. 20 ಅಂದರೆ ಹೃದಯ 80 ಪಾಲು ಸತ್ತಿದೆ ಅಂತಲ್ಲ.) ಮಾತ್ರೆ ಶುರುವಾಯಿತು. ಬಡಿತ ಅಪಾಯಕಾರಿಯಾಗಿ ತಪ್ಪಿದರೆ ಒಳಗಿಂದಲೇ ಶಾಕ್ ಕೊಡುವ ಐ.ಸಿ.ಡಿ. ಯಂತ್ರವನ್ನೂ ಕೂರಿಸಿದರು. ಕಿಡ್ನಿಯೂ ಸೋತಿದ್ದರಿಂದ ಹೃದಯ ಕಸಿಯ ಮಾತು ಮುಂದುವರಿಯಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಮಾವನ ಮಗ ನನ್ನ ಕೈ ಹಿಡಿದುಕೊಂಡ. "ಅಪ್ಪಯ್ಯನಿಗೆ ಹೇಳ್ಬೇಡ." ನಾನು ಒಪ್ಪಿದೆ. ಮಾವನಿಗೆ ನನಗಿಂತ ಚೆನ್ನಾಗಿ ತಮಿಳು ಬರುತ್ತಿತ್ತು, ಆದರೂ ಯಾವ ಡಾಕ್ಟರೂ ನೇರವಾಗಿ ಅವರ ಹತ್ತಿರ ಮಾತಾಡಲಿಲ್ಲ. ನಾನೂ ಎಂಟು ತಿಂಗಳು "ಎಲ್ಲ ಸರಿ ಹೋಗುತ್ತೆ ಮಾವ" ಅಂತಲೇ ಅಂದೆ.

ಆ ಎಂಟು ತಿಂಗಳಲ್ಲಿ ಊರಿನಲ್ಲಿದ್ದ ಅವರ ಅಣ್ಣ ತೀರಿಕೊಂಡರು. ಜಾಗದ ವಿಷಯಕ್ಕೆ ಇಬ್ಬರಿಗೂ ವರ್ಷಗಳಿಂದ ಮಾತಿರಲಿಲ್ಲ. ಹುಷಾರಾದ ಮೇಲೆ ಹೋಗಿ ಮಾತಾಡಿಸಿ ಬರಬೇಕು ಅಂದುಕೊಂಡಿದ್ದರಂತೆ. ಆಮೇಲೆ ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ಕೇಳಿದರು: "ನಂಗೆ ಎಷ್ಟ್ ಸಮಯ ಇತ್ತ್, ಹೇಳ್." (ನಮ್ಮ ಕಡೆ 'ಇತ್ತ್' ಅಂದರೆ 'ಇದೆ' ಅಂತ.) ಹೇಳಿದೆ. ಬೈಯಲಿಲ್ಲ. "ಮೊದ್ಲೇ ಹೇಳಿರೆ ಅಣ್ಣಯ್ಯನ್ ಕಂಡ್ಕಂಡ್ ಬತ್ತಿದ್ದೆ" ಅಂದರು, ಅಷ್ಟೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಮಾಡಿದ ನೆನಪಿಲ್ಲ.

ಗೊತ್ತಾದ ಮೇಲೆ ಹನ್ನೊಂದು ತಿಂಗಳು ಬದುಕಿದರು. ಹಳೇ ಲೆಕ್ಕದ ಪುಸ್ತಕದಲ್ಲಿ ದಿನಾ ಬೆಳಗ್ಗೆ ತೂಕ ಬರೆಯುತ್ತಿದ್ದರು. ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಮೈಯಲ್ಲಿ ನೀರು ಸೇರುತ್ತಿದೆ ಅಂತ, ತಾವೇ ಫೋನ್ ಮಾಡುತ್ತಿದ್ದರು. ಕಾಯಿಲೆ ಏನೆಂದು ತಿಳಿಯದವರು ಇದನ್ನು ಮಾಡುತ್ತಾರೆಯೇ? ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋಗಿ, ಅತ್ತಿಗೆಯ ಹತ್ತಿರ ಮಾತಾಡಿ ಬಂದರು. ಬ್ಯಾಂಕಿನ ಕಾಗದ ಎಲ್ಲಿದೆ ಅಂತ ಅತ್ತೆಗೆ ತೋರಿಸಿದರು. ವೆಂಟಿಲೇಟರ್ ಬೇಡ ಅಂದರು. ಕೊನೆಯ ವಾರಗಳಲ್ಲಿ, ಅವರೇ ಕೇಳಿದ್ದಕ್ಕೆ, ಐ.ಸಿ.ಡಿ.ಯ ಶಾಕ್ ನಿಲ್ಲಿಸಿದೆವು. ಅದಕ್ಕೆ ಆಪರೇಷನ್ ಬೇಕಿಲ್ಲ, ಹೊರಗಿನಿಂದಲೇ ಆಗುತ್ತದೆ. ಇಲ್ಲದಿದ್ದರೆ ಪ್ರಾಣ ಹೋಗುವ ಹೊತ್ತಿನಲ್ಲೂ ಅದು ಶಾಕ್ ಕೊಡಬಹುದು. ಉಸಿರುಕಟ್ಟಿದಾಗ ಸಣ್ಣ ಪ್ರಮಾಣದ ಮಾರ್ಫಿನ್ ನೆಮ್ಮದಿ ಕೊಟ್ಟಿತು. ವೈದ್ಯರು ಅಳೆದು ಕೊಡುವ ಮಾರ್ಫಿನ್‌ಗೆ ಹೆದರಬೇಡಿ. ಮನೆಯಲ್ಲೇ, ಎಲ್ಲರ ನಡುವೆ ಹೋದರು.

ಯು.ಆರ್. ಅನಂತಮೂರ್ತಿಯವರು ವರ್ಷಗಟ್ಟಲೆ ಡಯಾಲಿಸಿಸ್‌ನಲ್ಲಿದ್ದದ್ದು ನಿಮಗೆ ನೆನಪಿರಬಹುದು. ಅದು ಅವರಿಗೂ ಗುಟ್ಟಲ್ಲ, ಓದುಗರಿಗೂ ಗುಟ್ಟಲ್ಲ. 2014ರ ಆಗಸ್ಟ್ 22ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡರು. 'ಹಿಂದುತ್ವ ಅಥವಾ ಹಿಂದ್ ಸ್ವರಾಜ್' ಆ ಕಾಯಿಲೆಯ ದಿನಗಳಲ್ಲೇ ಬರೆದ ಪುಸ್ತಕ. ಅದರ ವಾದವನ್ನು ನೀವು ಒಪ್ಪಿ, ಬಿಡಿ. ಹೇಳಬೇಕಾದದ್ದನ್ನು ಹೇಳಿ ಮುಗಿಸಲು ಅವರು ಸಮಯವನ್ನು ಬಳಸಿಕೊಂಡರು.

ತಿಳಿದುಕೊಳ್ಳಲು ಇಷ್ಟವಿಲ್ಲದ ರೋಗಿಗಳೂ ಇದ್ದಾರೆ, ಒಪ್ಪುತ್ತೇನೆ. ಆದರೆ ಅದನ್ನು ತೀರ್ಮಾನಿಸಬೇಕಾದವರು ಅವರು, ಮಕ್ಕಳಲ್ಲ. "ಕಾಯಿಲೆ ಬಗ್ಗೆ ಎಷ್ಟು ತಿಳ್ಕೋಬೇಕು ಅನ್ನಿಸುತ್ತೆ?" ಅಂತ ಮೊದಲು ಕೇಳಿ.

ವೆಂಟಿಲೇಟರ್ ಬೇಡ ಅನ್ನುವುದನ್ನು ಮೊದಲೇ ಬರೆದಿಡಲು 2018ರಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿದೆ. 2023ರಲ್ಲಿ ನಿಯಮ ಸಡಿಲವಾಗಿ, ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ತಮಿಳುನಾಡಿನಲ್ಲಿ 2021ರಿಂದ ನಡೆಯುತ್ತಿರುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಮನೆಗೇ ಬಂದು ನೋವು ತಗ್ಗಿಸುವ ಉಪಶಮನ ಚಿಕಿತ್ಸೆಯೂ ಸೇರಿದೆ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ತಂಗೀ, ನಿಮ್ಮ ಅಪ್ಪ ಊರಿಂದ ಬಂದವರು, ತಮಿಳೂ ಇಂಗ್ಲಿಷೂ ಬಾರದು ಅಂದಿದ್ದೀರಿ. ಅಲ್ಲಿಗೆ ಅವರ ಕಿವಿ ನೀವೇ. ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವರನ್ನೇ ಕೂರಿಸಿ. ಡಾಕ್ಟರು ಒಂದು ವಾಕ್ಯ ಹೇಳಿದರೆ ನೀವೂ ಅದೇ ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಿ, ಅರ್ಧ ನುಂಗಬೇಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ.