ಶಿಕ್ಷೆ ಮುಗಿದವನಿಗೆ ಕೆಲಸ ಕೊಡುವುದು ತಪ್ಪೇ?

ಕಳೆದ ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ಒಂದು ಸಣ್ಣ ಪೇಟೆಯ ಅಡಿಕೆ ಅಂಗಡಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ಒಳಗಿನ ಕೋಣೆಯಲ್ಲಿ ಒಬ್ಬರು ಕಂಪ್ಯೂಟರ್ ಮುಂದೆ ಕುಳಿತು ಲೆಕ್ಕ ಬರೆಯುತ್ತಿದ್ದರು. ನನ್ನನ್ನು ಕಂಡ ಕೂಡಲೇ ಮುಖ ತಿರುಗಿಸಿದರು. ಆದರೂ ಗುರುತು ಸಿಕ್ಕಿತು. ಹಿಂದೆ ಒಂದು ಸಹಕಾರಿ ಸಂಘದ ಕಾರ್ಯದರ್ಶಿಯಾಗಿದ್ದವರು. ಠೇವಣಿ ಹಣ ದುರುಪಯೋಗದ ಕೇಸಿನಲ್ಲಿ ಶಿಕ್ಷೆಯಾಗಿ, ಅದನ್ನು ಪೂರ್ತಿ ಅನುಭವಿಸಿ ಹೊರಗೆ ಬಂದು ಕೆಲವು ವರ್ಷಗಳಾಗಿವೆ.

ಅಂಗಡಿಯ ಧಣಿ ನನ್ನನ್ನು ಬದಿಗೆ ಕರೆದು ಹೇಳಿದರು: "ಹೊರಗೆ ಎಲ್ಲಿಯೂ ಹೇಳ್ಬೇಡಿ ಮಾರಾಯ್ರೆ. ಲೆಕ್ಕ ಇವರಷ್ಟು ಚೊಕ್ಕ ಮಾಡುವವರು ನನಗೆ ಬೇರೆ ಸಿಕ್ಕಲಿಲ್ಲ. ಆದ್ರೆ ಜನಕ್ಕೆ ಗೊತ್ತಾದ್ರೆ ಯಾರೂ ಅಡಿಕೆ ತರ್ಲಿಕ್ಕಿಲ್ಲ."

ಕೊಲೆ, ಹೊಡೆದಾಟದ ಕೇಸಿನಲ್ಲಿ ಜೈಲಿಗೆ ಹೋಗಿ ಬಂದವರು ತೋಟದ ಕೆಲಸಕ್ಕೋ, ಕಲ್ಲು ಕಡಿಯಲಿಕ್ಕೋ ಹೋಗುತ್ತಾರೆ. ಕೈಯಲ್ಲಿ ಕಸುಬು ಇದ್ದರೆ ಹೊಟ್ಟೆಗೆ ದಾರಿ ಉಂಟು. ಪೆನ್ನು ಹಿಡಿದೇ ಬದುಕಿದವನು ಪೆನ್ನಿನಿಂದಲೇ ತಪ್ಪು ಮಾಡಿ ಸಿಕ್ಕಿಬಿದ್ದರೆ ಅವನ ಗತಿ ಬೇರೆ. ಅವನಿಗೆ ಗೊತ್ತಿರುವ ಒಂದೇ ಕೆಲಸ ಅದು, ಅದನ್ನೇ ಅವನಿಗೆ ಯಾರೂ ಕೊಡುವುದಿಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಇಂಥವರ ಮೇಲೆ ಜನರಿಗೆ ಇರುವ ಸಿಟ್ಟು ಸುಳ್ಳಲ್ಲ. ಬೀಡಿ ಕಟ್ಟಿ ಉಳಿಸಿದ ಹಣ, ಮಗಳ ಮದುವೆಗೆಂದು ಇಟ್ಟ ಠೇವಣಿ, ಗಲ್ಫಿನಿಂದ ಮಗ ಕಳಿಸಿದ ದುಡ್ಡು ಹೋದವರ ಸಂಕಟ ಕಳಕೊಂಡವರಿಗೇ ಗೊತ್ತು. "ಅವನು ಜೈಲಿಗೆ ಹೋದರೆ ನನ್ನ ಹಣ ಬಂತಾ?" ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆ ಪ್ರಶ್ನೆಯನ್ನು ಹಿಡಿದುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ?

ಕಾನೂನಿನಲ್ಲಿ ಕೆಲವು ಬಾಗಿಲುಗಳು ಶಾಶ್ವತವಾಗಿ ಮುಚ್ಚಿವೆ. ಕೆಲವಕ್ಕೆ ಇಂತಿಷ್ಟು ವರ್ಷ ಎಂಬ ಗಡುವು ಇದೆ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 10ನೇ ಕಲಮಿನಂತೆ, ನೈತಿಕ ಅಧಃಪತನದ ಅಪರಾಧದಲ್ಲಿ ಒಮ್ಮೆ ಶಿಕ್ಷೆಯಾದವನನ್ನು ಬ್ಯಾಂಕಿಂಗ್ ಕಂಪೆನಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಮಾಡಿದ ನಿಯಮಗಳಲ್ಲಿಯೂ, ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ಹೆಸರು ನೋಂದಾಯಿಸುವವರಿಗೆ ಕೋರ್ಟಿನಲ್ಲಿ ಶಿಕ್ಷೆಯಾಗಿರಬಾರದು ಎಂಬ ಷರತ್ತು ಇದೆ.

ಆದರೆ ವಕೀಲರಿಗೆ ಸಂಬಂಧಿಸಿದ 1961ರ ಕಾಯ್ದೆಯಲ್ಲಿ, ಇಂಥ ಶಿಕ್ಷೆಯಾದವರಿಗೆ ಸನ್ನದು ಪಡೆಯಲು ಇರುವ ಅಡ್ಡಿ ಬಿಡುಗಡೆಯಾಗಿ ಎರಡು ವರ್ಷಕ್ಕೆ ತೀರುತ್ತದೆ. 2013ರ ಕಂಪೆನಿ ಕಾಯ್ದೆಯಂತೆ ಆರು ತಿಂಗಳಿಗೆ ಕಡಿಮೆಯಿಲ್ಲದ ಶಿಕ್ಷೆಯಾದವನು ಶಿಕ್ಷೆಯ ಅವಧಿ ಮುಗಿದು ಐದು ವರ್ಷದವರೆಗೆ ಡೈರೆಕ್ಟರ್ ಆಗುವಂತಿಲ್ಲ. ಶಿಕ್ಷೆ ಏಳು ವರ್ಷ ಅಥವಾ ಹೆಚ್ಚಾಗಿದ್ದರೆ ಮಾತ್ರ ಎಂದೆಂದಿಗೂ ಇಲ್ಲ. ಇನ್ನು ಚುನಾವಣೆ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು ಬಿಡುಗಡೆಯಾಗಿ ಆರು ವರ್ಷ ಕಳೆದರೆ ಮತ್ತೆ ವಿಧಾನಸಭೆಗೋ ಲೋಕಸಭೆಗೋ ನಿಲ್ಲಬಹುದು. ಅಂದರೆ ಊರಿನ ಎಂಎಲ್‌ಎ ಆಗಲಿಕ್ಕೆ ಅಡ್ಡಿಯಿಲ್ಲ, ಬ್ಯಾಂಕಿನ ಗುಮಾಸ್ತ ಆಗಲಿಕ್ಕೆ ಆಗದು!

ದೊಡ್ಡವರ ಕತೆ ಬೇರೆ. ಅಮೆರಿಕದ ಇನ್‌ಸೈಡರ್ ಟ್ರೇಡಿಂಗ್ ಕೇಸಿನಲ್ಲಿ 2012ರಲ್ಲಿ ಶಿಕ್ಷೆಗೊಳಗಾದ ರಜತ್ ಗುಪ್ತ 2016ರಲ್ಲಿ ಹೊರಗೆ ಬಂದು 2019ರಲ್ಲಿ ಆತ್ಮಕಥೆ ಪ್ರಕಟಿಸಿದರು. ನಮ್ಮ ಸಹಕಾರಿ ಸಂಘದ ಮಾಜಿ ಕಾರ್ಯದರ್ಶಿಯ ಆತ್ಮಕಥೆ ಯಾರಿಗೆ ಬೇಕು? ಅವನಿಗೆ ಬೇಕಾದದ್ದು ತಿಂಗಳ ಸಂಬಳ.

ಬ್ಯಾಂಕಿನ ಹಣದ ಪೆಟ್ಟಿಗೆ ಹತ್ತಿರ ಅವನನ್ನು ಮತ್ತೆ ಕೂರಿಸಿ ಎಂದು ನಾನು ವಾದಿಸುವುದಿಲ್ಲ. ಆದರೆ ಖಾಸಗಿ ಅಂಗಡಿಯಲ್ಲಿ ಲೆಕ್ಕ ಬರೆಯಲು, ಟ್ಯಾಲಿಯಲ್ಲಿ ಬಿಲ್ಲು ಏರಿಸಲು, ದಾಸ್ತಾನು ನೋಡಿಕೊಳ್ಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಅಲ್ಲಿ ಅಡ್ಡ ಬರುವವರು ನಾವು. ಕಾನೂನಿನ ಗಡುವಿಗೆ ವರ್ಷದ ಲೆಕ್ಕ ಉಂಟು, ಊರಿನ ಗಡುವಿಗೆ ಇಲ್ಲ.

ದುಡಿಯದೆ ಹಣ ಎಲ್ಲಿಂದ ಬರಬೇಕು?

ಈಗ ಠೇವಣಿದಾರರ ಪ್ರಶ್ನೆಗೆ ಬರೋಣ. ಕೇರಳದ 1969ರ ಸಹಕಾರ ಸಂಘಗಳ ಕಾಯ್ದೆಯಲ್ಲಿ 65ನೇ ಕಲಂ ತನಿಖೆಗೆ, 68ನೇ ಕಲಂ ನಷ್ಟವನ್ನು ಕಾರಣರಾದವರಿಂದಲೇ ವಸೂಲು ಮಾಡುವುದಕ್ಕೆ ಇದೆ. ಜೈಲು ಶಿಕ್ಷೆ ಮುಗಿಯಿತೆಂದು ಈ ಬಾಕಿ ತೀರುವುದಿಲ್ಲ. ಇದ್ದ ಮನೆ, ತೋಟ ಏಲಂ ಆದ ಮೇಲೆ ಉಳಿದ ಬಾಕಿ ಎಲ್ಲಿಂದ ಬರಬೇಕು? ಅವನು ದುಡಿದರೆ ಮಾತ್ರ ಬಂದೀತು. ಅವನಿಗೆ ಕೆಲಸ ಸಿಗದಂತೆ ಮಾಡಿದರೆ ನಷ್ಟ ಅವನಿಗಿಂತ ಹೆಚ್ಚು ಠೇವಣಿದಾರರಿಗೇ. ಕೆಲಸ ಕೊಟ್ಟು, ಸಂಬಳದ ಒಂದು ಪಾಲು ತಿಂಗಳು ತಿಂಗಳು ಸಂಘಕ್ಕೆ ಕಟ್ಟುವಂತೆ ಮಾಡಿದರೆ ಅದರಲ್ಲಿ ನ್ಯಾಯ ಉಂಟು, ಲೆಕ್ಕವೂ ಉಂಟು.

ಗಡಿ ದಾಟಿದರೆ ತೀರುವುದಿಲ್ಲ

ಗಡಿನಾಡಿನವರಾದ ನಮಗೆ ಒಂದು ಸುಲಭದ ದಾರಿ ಕಣ್ಣಮುಂದೆ ಇದೆ. ತಲಪಾಡಿ ದಾಟಿದರೆ ಮಂಗಳೂರು. ಅಲ್ಲಿ ಭಾಷೆಯೂ ನಮ್ಮದೇ. ಹಳೆಯದನ್ನೆಲ್ಲ ಮುಚ್ಚಿಟ್ಟು ಹೋಟೆಲಿನಲ್ಲೋ ಗೋಡೌನಿನಲ್ಲೋ ಲೆಕ್ಕ ಬರೆಯಲು ಸೇರುವವರು ಇದ್ದಾರೆ. ಆದರೆ ಅಲ್ಲಿಯೂ ನಮ್ಮವರೇ ನೆಂಟರು, ನಮ್ಮವರೇ ಗಿರಾಕಿಗಳು. ಒಂದಲ್ಲ ಒಂದು ದಿನ ಸುದ್ದಿ ತಲಪುತ್ತದೆ. ಆಗ ಹಳೆ ತಪ್ಪಿನ ಮೇಲೆ ಸುಳ್ಳು ಹೇಳಿದ ಹೊಸ ತಪ್ಪೂ ಸೇರುತ್ತದೆ. ನೌಕರಿಗೆ ಅರ್ಜಿ ಹಾಕುವವನು ಕ್ರಿಮಿನಲ್ ಕೇಸಿನ ವಿಚಾರದಲ್ಲಿ ನಿಜವನ್ನೇ ಹೇಳಬೇಕು ಎಂದು ಸುಪ್ರೀಂ ಕೋರ್ಟು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ.

ಇಲ್ಲಿಯೇ ಗಂಟು ಇರುವುದು. ಹೇಳಿದರೆ ಕೆಲಸ ಇಲ್ಲ, ಹೇಳದಿದ್ದರೆ ಮತ್ತೆ ಅಪರಾಧಿ. ಇಂಗ್ಲೆಂಡಿನಲ್ಲಿ 1974ರ ಒಂದು ಕಾಯ್ದೆಯಂತೆ, ಕೆಲವು ಕೆಲಸಗಳನ್ನು ಬಿಟ್ಟರೆ, ಸಣ್ಣ ಅವಧಿಯ ಶಿಕ್ಷೆಯನ್ನು ಇಂತಿಷ್ಟು ವರ್ಷಗಳ ನಂತರ ಹೇಳಬೇಕಾಗಿಲ್ಲ. ನಮ್ಮಲ್ಲಿ ಮಕ್ಕಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯ್ದೆ ಅಂಥ ರಕ್ಷಣೆ ಕೊಟ್ಟಿದೆ. ದೊಡ್ಡವರಿಗೆ ಅಂಥ ಕಾಯ್ದೆ ಇಲ್ಲ. 1958ರ ಪ್ರೊಬೇಷನ್ ಕಾಯ್ದೆಯಂತೆ ಸನ್ನಡತೆಯ ಮೇಲೆ ಬಿಟ್ಟವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ, ನಿಜ. ಆದರೆ ಸನ್ನಡತೆಯ ಬಾಂಡಿನ ಮೇಲೆ ಬಿಡುವ ಅವಕಾಶ ಜೀವಾವಧಿ ಶಿಕ್ಷೆಗೆ ಅವಕಾಶವಿರುವ ಅಪರಾಧಗಳಿಗೆ ಇಲ್ಲ. ಬ್ಯಾಂಕಿನವರ, ಸರಕಾರಿ ನೌಕರರ ನಂಬಿಕೆದ್ರೋಹಕ್ಕೆ ಹಾಕುತ್ತಿದ್ದ ಐಪಿಸಿ 409 ಅಂಥದ್ದೇ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ನ್ಯಾಯ ಸಂಹಿತೆಯ 316(5) ಕೂಡ ಹಾಗೆಯೇ.

ಏನು ಮಾಡಬಹುದು?

ಕಾಯ್ದೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಕೆಲಸ ಕೊಡುವವರು ಗುಟ್ಟು ಮಾಡದೆ ಷರತ್ತು ಹಾಕಲಿ. ಹಳೆಯ ಶಿಕ್ಷೆಯ ವಿಚಾರ ಕಾಗದದಲ್ಲಿ ಬರೆಸಿಕೊಳ್ಳಲಿ. ಲೆಕ್ಕ ಬರೆಯುವವನ ಕೈಗೆ ನಗದು ಕೊಡಬಾರದು, ಚೆಕ್ಕಿಗೆ ಇನ್ನೊಬ್ಬರ ಸಹಿ ಇರಲಿ, ತಿಂಗಳಿಗೊಮ್ಮೆ ಹೊರಗಿನವರು ಪುಸ್ತಕ ನೋಡಲಿ. ನಿಜವಾಗಿ ನೋಡಿದರೆ ಈ ಕ್ರಮ ಯಾವ ಅಂಗಡಿಗೂ, ಯಾವ ಸಂಘಕ್ಕೂ ಬೇಕಾದದ್ದೇ. ಒಬ್ಬನನ್ನೇ ನಂಬಿ ಬೀಗದಕೈ, ಪುಸ್ತಕ, ಸಹಿ ಮೂರನ್ನೂ ಅವನಿಗೇ ಬಿಟ್ಟಲ್ಲಿ ಮೋಸಕ್ಕೆ ದಾರಿಯಾಗುತ್ತದೆ.

ಶಿಕ್ಷೆ ಮುಗಿಸಿ ಬಂದವರಿಗೂ ಒಂದು ಮಾತು. "ನನ್ನನ್ನು ಸಿಕ್ಕಿಸಿ ಹಾಕಿದ್ರು" ಎಂಬ ರಾಗ ಬಿಡಿ. ಅನ್ಯಾಯವಾಗಿದ್ದರೆ ಮೇಲಿನ ಕೋರ್ಟು ಉಂಟು. ಅಪೀಲೂ ಮುಗಿದಿದ್ದರೆ ತಪ್ಪು ಒಪ್ಪಿಕೊಂಡವನನ್ನು ಜನ ನಿಧಾನವಾಗಿಯಾದರೂ ನಂಬುತ್ತಾರೆ, ನೆಪ ಹೇಳುವವನನ್ನು ನಂಬುವುದಿಲ್ಲ. ಸಣ್ಣ ಸಂಬಳಕ್ಕೂ ಸಿದ್ಧರಾಗಿ. ಮೊದಲು ಬಾಕಿ ಕಟ್ಟಲು ಸುರು ಮಾಡಿ.

ಜೈಲಿನಲ್ಲಿರುವವರಿಗೆ 1987ರ ಕಾಯ್ದೆಯಂತೆ ಉಚಿತ ಕಾನೂನು ನೆರವು ಸಿಗುತ್ತದೆ. ನಮ್ಮ ಕಡೆಯ ಎಷ್ಟೋ ಕುಟುಂಬಗಳಿಗೆ ಇದು ಗೊತ್ತಿಲ್ಲ. ಬರುವ ಕಾಗದ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಮನೆಯವರಿಗೆ ತಲೆಬುಡ ತಿಳಿಯುವುದಿಲ್ಲ. ಯಾವ ಕೆಲಸಕ್ಕೆ ಅಡ್ಡಿ ಉಂಟು, ಯಾವುದಕ್ಕೆ ಇಲ್ಲ, ಎಷ್ಟು ವರ್ಷಕ್ಕೆ ಎಂಬುದನ್ನು ಕನ್ನಡದಲ್ಲಿ ಒಂದು ಕರಪತ್ರ ಮಾಡಿ ಹಂಚಲು ನಮ್ಮ ಸಂಘಸಂಸ್ಥೆಗಳು, ಕನ್ನಡ ಬಲ್ಲ ವಕೀಲರು ಮುಂದೆ ಬರಬೇಕಾಗಿದೆ.

ನಮ್ಮ ಜಿಲ್ಲೆಯ ಚೀಮೇನಿಯಲ್ಲಿ ತೆರೆದ ಜೈಲು ಇದೆ. ಶಿಕ್ಷೆ ಅನುಭವಿಸುತ್ತಿರುವವರನ್ನೇ ಸರಕಾರ ನಂಬಿ ಅಲ್ಲಿ ಹೊರಗೆ ಕೆಲಸಕ್ಕೆ ಬಿಡುತ್ತದೆ. ಶಿಕ್ಷೆ ಮುಗಿಸಿ ಮನೆಗೆ ಬಂದವರನ್ನು ನಾವು ಅಷ್ಟಾದರೂ ನಂಬಬಾರದೇ?

ಇದನ್ನು ಬರೆಯುವ ಮೊದಲು ಆ ಅಂಗಡಿಗೆ ಮತ್ತೆ ಹೋಗಿ ಅವರ ಒಪ್ಪಿಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬರೀರಿ. ಹೆಸರು ಮಾತ್ರ ಬೇಡ. ನನಗಾಗಿ ಅಲ್ಲ, ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ" ಎಂದರು. ನಿಜ ಹೇಳಬೇಕು ಎಂದು ಇಷ್ಟೆಲ್ಲ ಉಪದೇಶ ಬರೆಯಲು ಹೊರಟ ನನಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ. ಆ ಹುಡುಗಿ ಯಾವ ಪುಸ್ತಕವನ್ನೂ ತಿದ್ದಿದವಳಲ್ಲ. ಅವಳ ಅಪ್ಪನ ಶಿಕ್ಷೆಯನ್ನು ಕೋರ್ಟು ಮುಗಿಸಿದೆ. ನಾವು ಯಾವಾಗ ಮುಗಿಸುವುದು ಎಂದು ಓದುಗರು ಯೋಚಿಸಬೇಕಾಗಿ ವಿನಂತಿ.