ಅದು ಕಿರೀಟವಲ್ಲ



ದೃಢೀಕರಣ ಸಂಸ್ಕಾರ ನೀಡಲು ಹೊಸಪೇಟೆಗೋ ಕಂಪ್ಲಿಗೋ ಬಂದ ಧರ್ಮಾಧ್ಯಕ್ಷರ ತಲೆಯ ಮೇಲೆ ಎರಡು ತುದಿಗಳ ಎತ್ತರದ ಟೋಪಿಯನ್ನು ನೀವು ಕಂಡಿದ್ದೀರಿ. ಅದನ್ನು ‘ಕಿರೀಟ’ ಎನ್ನುವವರು ನಮ್ಮಲ್ಲಿ ಬಹಳ. ಈ ಮಾತು ಸಲ್ಲದು. ಹೆಸರಿನಲ್ಲೇನಿದೆ ಎಂದು ತಳ್ಳಿಹಾಕಬೇಡಿರಿ.

ಅದರ ಹೆಸರು ‘ಮಿತ್ರಾ’. ಗ್ರೀಕ್ ಭಾಷೆಯಲ್ಲಿ ತಲೆಗೆ ಕಟ್ಟುವ ಪಟ್ಟಿ ಎಂದರ್ಥ. (ಸಂಸ್ಕೃತದ ‘ಮಿತ್ರ’ ಬೇರೆಯೇ ಮಾತು, ಆದರೂ ಯಾರಾದರೂ ಗೆಳೆಯನೆಂದೇ ತಿಳಿದರೆ ನನ್ನ ಆಕ್ಷೇಪವಿಲ್ಲ.) ಎರಡು ತುದಿಗಳು ಹಳೆಯ ಮತ್ತು ಹೊಸ ಒಡಂಬಡಿಕೆಗಳ ಗುರುತೆಂದು ಹಿರಿಯರು ಅರ್ಥೈಸಿದ್ದಾರೆ.

ಧರ್ಮಾಧ್ಯಕ್ಷ ದೀಕ್ಷೆಯ ವಿಧಿಯನ್ನು ಗಮನಿಸಿರಿ. ಮೊದಲು ಆ ತಲೆಯ ಮೇಲೆ ಹಸ್ತಗಳನ್ನಿರಿಸುತ್ತಾರೆ. ತೆರೆದ ಶುಭಸಂದೇಶ ಗ್ರಂಥವನ್ನು ಹಿಡಿಯುತ್ತಾರೆ. ಪವಿತ್ರ ತೈಲ ಸುರಿಯುತ್ತಾರೆ. ಮಿತ್ರಾ ಬರುವುದು ಆಮೇಲೆ. ಅದನ್ನು ತೊಡಿಸುವಾಗಿನ ಮಾತಿನ ಭಾವವೇನು? ನಿನ್ನಲ್ಲಿ ಪವಿತ್ರತೆ ಬೆಳಗಲಿ, ಪ್ರಧಾನ ಕುರಿಗಾಹಿ ಪ್ರತ್ಯಕ್ಷನಾಗುವ ದಿನ ಬಾಡದ ಕಿರೀಟಕ್ಕೆ ನೀನು ಅರ್ಹನಾಗು ಎಂಬುದು. ಅಂದಮೇಲೆ ಕಿರೀಟ ಇನ್ನೂ ಬಂದಿಲ್ಲ! ಪೇತ್ರನ ಮೊದಲನೆಯ ಪತ್ರದ 5ನೆಯ ಅಧ್ಯಾಯವೂ ಅದನ್ನು ವಾಗ್ದಾನ ಮಾಡುವುದು ಹಿಂಡಿನ ಮೇಲೆ ದೊರೆತನ ನಡೆಸದ ಹಿರಿಯರಿಗೆ.

ಬಲಿಪೂಜೆಯ ಮಹಾಪ್ರಾರ್ಥನೆಗೆ ಮುನ್ನ ಮಿತ್ರಾವನ್ನು ತೆಗೆದಿಡಲಾಗುತ್ತದೆ. ಅದರಡಿಯ ನೇರಳೆ ಬಣ್ಣದ ಪುಟ್ಟ ಟೋಪಿಯೂ ಇಳಿಯುತ್ತದೆ. ಆ ಟೋಪಿಗೆ ‘ಸೋಲಿದೇಯೊ’ ಎಂಬ ಹೆಸರೂ ಉಂಟು. ದೇವರೊಬ್ಬನಿಗೇ ಎಂಬ ಲತೀನ್ ಮಾತಿನಿಂದ ಬಂದದ್ದು.

ಧರ್ಮಸಭೆಯಲ್ಲಿ ನಿಜವಾದ ಕಿರೀಟವೊಂದಿತ್ತು, ಜಗದ್ಗುರುಗಳ ಮೂರು ಸುತ್ತಿನ ಕಿರೀಟ. 1964ರ ನವೆಂಬರಿನಲ್ಲಿ ಆರನೆಯ ಪೌಲರು ಅದನ್ನು ಬಡವರಿಗೆಂದು ಬಲಿಪೀಠದ ಮೇಲಿಟ್ಟರು. 2005ರಲ್ಲಿ ಹದಿನಾರನೆಯ ಬೆನೆಡಿಕ್ಟರು ತಮ್ಮ ಲಾಂಛನದಿಂದಲೂ ಅದನ್ನು ತೆಗೆದು ಮಿತ್ರಾವನ್ನಿರಿಸಿದರು. ಅವರು ಇಳಿಸಿದ್ದನ್ನು ನಾವೇಕೆ ಮತ್ತೆ ಏರಿಸಬೇಕು?

ಹಂಪಿಯ ನೆರೆಯವರಾದ ನಮಗೆ ಎತ್ತರದ ಟೋಪಿ ಕಂಡೊಡನೆ ಅರಸ ನೆನಪಾಗುವುದು ಸಹಜವೇ. ಆದರೆ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿರುವುದು ಜರತಾರಿ ಬಟ್ಟೆಯ ಟೋಪಿಯ ಬಗ್ಗೆ. ತಿರುಮಲೆಯ ಕಂಚಿನ ವಿಗ್ರಹದಲ್ಲಿಯೂ ಅವನಿಗಿರುವುದು ಉದ್ದನೆಯ ಕುಲಾವಿಯೇ. ಅವನಿಗೆ ಚಿನ್ನದ ಕಿರೀಟ ತೊಡಿಸಿದ್ದು ನಮ್ಮ ನಾಟಕ, ಸಿನಿಮಾಗಳು! ರಾಜಕಾರಣಿಗಳಿಗೆ ಬೆಳ್ಳಿ ಕಿರೀಟವಿಟ್ಟು ಮೆರೆಸುವ ಚಾಳಿಯೂ ನಮ್ಮಲ್ಲಿದೆ. ಆ ಚಾಳಿ ದೇವಾಲಯದ ಅಂಗಳಕ್ಕೆ ಬರುವುದು ಬೇಡ.

ಸಂಡೂರಿನ ಗಣಿಯಲ್ಲಿ ದುಡಿಯುವವನು ಕಿರೀಟಧಾರಿಯ ಮುಂದೆ ಕೈಮುಗಿದು ದೂರ ನಿಲ್ಲುತ್ತಾನೆ. ಕುರಿಗಾಹಿಯಾದರೆ ಹತ್ತಿರ ಬಂದು ತನ್ನ ಮನೆಯ ಸಂಕಟ ಹೇಳಿಕೊಂಡಾನು. ಆದ್ದರಿಂದ ಧರ್ಮಾಧ್ಯಕ್ಷರು ಮುಂದೆ ನಿಮ್ಮ ಊರಿಗೆ ಬಂದಾಗ ಸ್ವಾಗತಭಾಷಣದಲ್ಲಿ ‘ಕಿರೀಟ’ವನ್ನು ಬಿಟ್ಟುಬಿಡಿರಿ, ಮಕ್ಕಳು ಕೇಳಿದರೆ ‘ಮಿತ್ರಾ’ ಎಂದು ಹೇಳಿಕೊಡಿರಿ.