ಓಟದ ಕಾರು ಕೇಳುವ ಮಕ್ಕಳು



ಡಿಪ್ಲೊಮಾವನ್ನೋ ಇಂಜಿನಿಯರಿಂಗನ್ನೋ ಓದುವ ಮಗನು ರೇಡಿಯೋ ನಿಯಂತ್ರಣದ ಓಟದ ಕಾರನ್ನು ಕೊಡಿಸಿರೆಂದು ಕೇಳಿದರೆ, ಮನೆಯ ಹಿರಿಯರು ಅದನ್ನು ಜಾತ್ರೆಯ ಆಟಿಕೆಯೆಂದು ಬಗೆದು ಗದರುವುದುಂಟು. ಬೆಲೆ ತಿಳಿದ ಮೇಲಂತೂ ಮಾತೇ ಮುರಿದುಹೋಗುತ್ತದೆ. ಈ ವಿಷಯದಲ್ಲಿ ನಮ್ಮ ಒಲವು ಮಗನ ಕಡೆಗಿದೆ. ಆದರೆ ಅವನು ಆರಿಸಿಕೊಂಡು ಬರುವ ಮಾದರಿಯ ಕಡೆಗೆ ಅನೇಕ ವೇಳೆ ಇರುವುದಿಲ್ಲ.

ಇದು ಪೆಟ್ಟಿಗೆಯಿಂದ ತೆಗೆದ ಕೂಡಲೇ ಓಡುವ ಆಟಿಕೆಯಲ್ಲ. ನಿಜವಾದ ಕಾರಿನ ಹತ್ತನೆಯ ಒಂದು ಪಾಲಿನ ಅಳತೆಯಲ್ಲಿ ಬಿಡಿಭಾಗಗಳು ಬರುತ್ತವೆ; ಗೇರು, ಅಚ್ಚು, ಸ್ಪ್ರಿಂಗುಗಳನ್ನು ಒಂದೊಂದಾಗಿ ಜೋಡಿಸಿಯೇ ಓಡಿಸಬೇಕು. ಈ ವಿದ್ಯೆಯಲ್ಲಿ ಹೆಸರಾದ ಜಪಾನಿನ ಟಮಿಯಾ ಸಂಸ್ಥೆಯು 1946ರಲ್ಲಿ ಶಿಜುವೊಕಾದಲ್ಲಿ ಮರದ ವ್ಯಾಪಾರವಾಗಿ ಹುಟ್ಟಿತು. 1976ರಲ್ಲಿ ಪೋರ್ಷೆ 934ರ ರೂಪದಲ್ಲಿ ತನ್ನ ಮೊದಲ ರೇಡಿಯೋ ಕಾರನ್ನು ಹೊರತಂದಿತು. ಮರಗೆಲಸದಿಂದ ಯಂತ್ರಗೆಲಸಕ್ಕೆ ಸಾಗಿದ ದಾರಿಯಿದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನಂಥ ಬಡಿಗನಿಗೂ ಸಮಾನ ಪೀಠ ದೊರೆತುದನ್ನು ಬಲ್ಲ ನಮಗೆ, ಕೈಕೆಲಸದ ಈ ಹಂಬಲ ಕೀಳಾಗಿ ತೋರಲಾರದು.

ಮೊದಲು ನೆಲವನ್ನು ನೋಡಬೇಕು. ಟೂರಿಂಗ್ ಕಾರೆಂಬುದು ನೆಲಕ್ಕೆ ಹೊಟ್ಟೆ ತಾಗುವಂತೆ ಓಡುವ ವಾಹನ. ಓಟಕ್ಕೆ ಸಿದ್ಧಗೊಳಿಸಿದಾಗ ಅದರ ತಳಕ್ಕೂ ನೆಲಕ್ಕೂ ನಡುವೆ ಐದಾರು ಮಿಲಿಮೀಟರ್ ಅಂತರವಷ್ಟೇ ಉಳಿಯುತ್ತದೆ. ಅದಕ್ಕೆ ನುಣುಪಾದ ಡಾಂಬರು ಅಥವಾ ಜಮಖಾನೆ ಹಾಸಿದ ಅಂಗಳ ಬೇಕು. ಸವಣೂರಿನ ಸುತ್ತಲಿನ ಎರೆಹೊಲದ ದಾರಿಯಲ್ಲಿ ಅದು ಹತ್ತು ಮಾರು ಸಾಗಲಾರದು; ಸಾಗಿದರೂ ಧೂಳು ಗೇರಿನೊಳಗೆ ಹೊಕ್ಕು ಹಲ್ಲುಗಳನ್ನು ತಿಂದುಹಾಕುತ್ತದೆ. ಒಕ್ಕಣೆಗೆಂದು ಮಾಡಿದ ಸಿಮೆಂಟಿನ ಕಣವೋ ಶಾಲೆಯ ಕಾಂಕ್ರೀಟು ಅಂಗಳವೋ ಸಿಗುವಂತಿದ್ದರೆ ಮಾತ್ರ ಟೂರಿಂಗ್ ಕಾರು ತರಬೇಕು. ಇಲ್ಲವಾದರೆ ಎತ್ತರದ ಚಕ್ರಗಳ ಬಗ್ಗಿ ಎಂಬ ಜಾತಿಯೇ ಲೇಸು.

ಹೊಸಬನಿಗೆ ಟಮಿಯಾದವರ ಟಿಟಿ-02 ಎಂಬ ತಳಕಟ್ಟು ಸಾಕು. 2013ರಲ್ಲಿ ಬಂದ ಇದರಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುತ್ತದೆ. ನಡುವೆ ಬೆಲ್ಟಿನ ಬದಲು ದಂಡವಿರುವುದರಿಂದ ತಂಟೆ ಕಡಿಮೆ. ಒಂದು ಮಾತನ್ನು ಕೊಳ್ಳುವ ಮೊದಲೇ ತಿಳಿಯಬೇಕು: ಕಿಟ್ಟಿನಲ್ಲಿ ಎಲ್ಲವೂ ಇರುವುದಿಲ್ಲ. ರೇಡಿಯೋ, ಚಕ್ರ ಹೊರಳಿಸುವ ಸರ್ವೊ, ಬ್ಯಾಟರಿ, ಚಾರ್ಜರು ಸಾಮಾನ್ಯವಾಗಿ ಬೇರೆ ಖರ್ಚು. ಈ ಲೆಕ್ಕವನ್ನು ಮಗನಿಂದಲೇ ಕಾಗದದ ಮೇಲೆ ಬರೆಸಿ ತೆಗೆದುಕೊಳ್ಳುವುದು ಒಳಿತು. ಅರ್ಧ ಕಟ್ಟಿ ಅಟ್ಟಕ್ಕೇರಿದ ಕಾರಿಗಿಂತ ದೊಡ್ಡ ದುಂದು ಇಲ್ಲ. ರೇಡಿಯೋ 2.4 ಗಿಗಾಹರ್ಟ್ಸ್‌ನದಿರಲಿ, ಹಳೆಯ 27 ಮೆಗಾಹರ್ಟ್ಸ್ ಕಾಲದಲ್ಲಿ ಒಂದೇ ಕಂಪನಾಂಕದ ಇಬ್ಬರು ಕೂಡಿದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳುತ್ತಿತ್ತು.

ಇನ್ನು ಸುಧಾರಣೆ. ಹುಡುಗರ ಕಣ್ಣು ಮೊದಲು ಬಲವಾದ ಮೋಟಾರಿನ ಮೇಲೆ ಬೀಳುತ್ತದೆ. ನಮ್ಮ ಎಣಿಕೆಯಲ್ಲಿ ಅದು ಕೊನೆಯದು. ಹಾವೇರಿ ಜಿಲ್ಲೆಯ ಖಾಲಿ ಗಾಡಾ ಓಡಿಸುವ ಸ್ಪರ್ಧೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಟ್ಟ ಅವಧಿಯಲ್ಲಿ ಎತ್ತುಗಳು ಎಷ್ಟು ದೂರ ಓಡಿದವೆಂದು ಅಳೆಯುವ ಆ ಪಣದಲ್ಲಿ, ಎತ್ತು ಎಷ್ಟೇ ಚುರುಕಿರಲಿ, ಗಾಲಿ ಬಿಗಿದು ಅಚ್ಚು ಒಣಗಿದ್ದರೆ ದೂರ ದಕ್ಕದು. (2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಕುತ್ತು ಬಂದಿದ್ದ ಎತ್ತಿನ ಗಾಡಿಯ ಓಟಕ್ಕೆ ರಾಜ್ಯದ 2017ರ ತಿದ್ದುಪಡಿ ದಾರಿ ಮಾಡಿತು; 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಮೂಕಪ್ರಾಣಿಗೆ ಬಾರುಕೋಲು ಬೀಳದ ಓಟವೆಂಬ ಕಾರಣಕ್ಕೂ ಈ ಕಾರಿನ ಮೇಲೆ ನಮಗೆ ಪ್ರೀತಿ.) ಕಿಟ್ಟಿನ ಕಾರಿನಲ್ಲಿ ಅಚ್ಚುಗಳು ಪ್ಲಾಸ್ಟಿಕ್ ಬುಷ್‌ಗಳಲ್ಲಿ ತಿರುಗುತ್ತಿದ್ದರೆ, ಅವನ್ನು ತೆಗೆದು 11 ಮಿಲಿಮೀಟರ್ ಹೊರ ಅಳತೆ, 5 ಮಿಲಿಮೀಟರ್ ಒಳ ಅಳತೆಯ ಬಾಲ್ ಬೇರಿಂಗುಗಳನ್ನು ಕೂಡಿಸುವುದೇ ಮೊದಲ ಕೆಲಸ. ಖರ್ಚು ಅಲ್ಪ, ಫಲ ಬಹಳ: ಘರ್ಷಣೆ ತಗ್ಗಿ, ಅದೇ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ.

ಎರಡನೆಯದು ಟೈರು. ಗಡಸು ಟೈರಿನ ಮೇಲೆ ಎಂಥ ಮೋಟಾರೂ ಜಾರುತ್ತದೆ. ಬಳಿಕ, ಎಣ್ಣೆ ತುಂಬಿದ ಡ್ಯಾಂಪರುಗಳು. ಸ್ಪ್ರಿಂಗಿನ ಕುಪ್ಪಳಿಕೆಯನ್ನು ಎಣ್ಣೆ ತಡೆದರೆ ಚಕ್ರ ನೆಲ ಬಿಡುವುದಿಲ್ಲ.

ಗೇರಿನ ಲೆಕ್ಕ ಸ್ವಲ್ಪ ತಾಳ್ಮೆ ಬೇಡುತ್ತದೆ. ಟಿಟಿ-02ರಲ್ಲಿ ಮೋಟಾರಿನ ಚಿಕ್ಕ ಗೇರಿಗೆ 22 ಹಲ್ಲು, ಅದು ತಿರುಗಿಸುವ ದೊಡ್ಡ ಗೇರಿಗೆ 70 ಹಲ್ಲು. ಒಳಗಿನ ಗೇರುಗಳೂ ಸೇರಿದಾಗ ಮೋಟಾರು ಸುಮಾರು ಎಂಟೂಕಾಲು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಚಿಕ್ಕ ಗೇರಿಗೆ ಹಲ್ಲು ಹೆಚ್ಚಿಸಿದರೆ ವೇಗ ಏರುತ್ತದೆ. ಆದರೆ ಮೋಟಾರಿನ ಮೇಲೆ ಭಾರ ಬಿದ್ದು ಅದು ಕಾಯುತ್ತದೆ. ಒಮ್ಮೆಗೆ ಒಂದೊಂದೇ ಹಲ್ಲು ಏರಿಸಿ, ಮೂರು ನಾಲ್ಕು ನಿಮಿಷ ಓಡಿಸಿ, ಕಾವನ್ನು ಪರೀಕ್ಷಿಸಿ ಮುಂದುವರಿಯಬೇಕು. ಸ್ಪರ್ಧೆಗಳಲ್ಲಿ ಸ್ಟಾಕ್ ಎಂಬ ವರ್ಗವಿದ್ದು, ಅಲ್ಲಿ ಎಲ್ಲರ ಮೋಟಾರೂ ಒಂದೇ ಮಿತಿಯೊಳಗಿರುತ್ತದೆ. ಹಣವುಳ್ಳವನು ಮೋಟಾರು ಕೊಂಡು ಗೆಲ್ಲಲಾಗದ ಈ ಕಟ್ಟಳೆ ನಮಗೆ ಬಲು ಹಿಡಿಸಿತು.

ತಾಯಂದಿರು ಓದಲೇಬೇಕಾದುದು ಬ್ಯಾಟರಿಯ ಸಂಗತಿ. ನಿಕಲ್ ಜಾತಿಯ 7.2 ವೋಲ್ಟಿನ ಬ್ಯಾಟರಿ ಸಾಧು ಸ್ವಭಾವದ್ದು. ಮೊದಲ ವರ್ಷಕ್ಕೆ ಅದೇ ಇರಲಿ. ಲಿಪೋ ಎಂಬ ಲಿಥಿಯಂ ಬ್ಯಾಟರಿ ಹಗುರ, ಬಲಿಷ್ಠ, ತಪ್ಪಿದರೆ ಬೆಂಕಿ. ಅದರ ಒಂದೊಂದು ಕೋಶವೂ 4.2 ವೋಲ್ಟನ್ನು ಮೀರಬಾರದು, 3 ವೋಲ್ಟಿಗಿಂತ ಕೆಳಗಿಳಿಯಬಾರದು. ಕೋಶಗಳನ್ನು ಸಮತೋಲದಲ್ಲಿಡುವ ಚಾರ್ಜರನ್ನೇ ಬಳಸಬೇಕು. ಕಾರಿನ ವೇಗ ನಿಯಂತ್ರಕವನ್ನೂ ಲಿಪೋಗೆ ಹೊಂದಿಸಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಮುಟ್ಟಕೂಡದು. ನಮ್ಮ ಮನೆಗಳಲ್ಲಿ ಹತ್ತಿಯ ಅಂಡಿಗೆ, ಗೋವಿನಜೋಳದ ಚೀಲ, ಒಣಮೆಣಸಿನಕಾಯಿ ಪಡಸಾಲೆಯಲ್ಲೇ ಇರುತ್ತವೆ. ಅವುಗಳ ಮಗ್ಗುಲಲ್ಲಿ ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಹುಡುಗನಿಗೆ ಲಿಪೋ ಕೊಡಿಸಬೇಡಿರಿ. ಹೊರಗಿನ ಕಟ್ಟೆಯ ಮೇಲೆ, ಕಲ್ಲು ಹಾಸಿದ ಕಡೆ, ಪಕ್ಕದಲ್ಲಿ ಒಂದು ಬುಟ್ಟಿ ಒಣ ಮರಳಿಟ್ಟುಕೊಂಡು, ಚಾರ್ಜು ಮುಗಿಯುವವರೆಗೆ ಅವನು ಅಲ್ಲಿಯೇ ಕುಳಿತಿರಲಿ.